ಟ್ಯಾಂಕಿಗೆ ಬಂದ ಸಂಕ್ರಾಂತಿ

ನಮ್ಮ ಭಾವ, ಅಂದರೆ ನಮ್ಮಕ್ಕನ ಗಂಡ, ಮನೆಯ ಕೆಲಸವನ್ನು ಯಾವತ್ತೂ ಇನ್ನೊಬ್ಬರಿಂದ ಮಾಡಿಸಿದವರಲ್ಲ. ಹಾಗಂತ ತಾವೇ ಮಾಡಿ ಮುಗಿಸಿದವರೂ ಅಲ್ಲ! ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಅವರು ಫಿಟ್ಟರ್. ಅಲ್ಲಿ ಅವರು ಬಿಗಿದ ನಟ್ಟು ಭೂಮಿ ನಡುಗಿದರೂ ಅಲುಗುವುದಿಲ್ಲವಂತೆ. ಮನೆಯಲ್ಲಿ ಮಾತ್ರ ಅವರು ಒಂದು ಮೊಳೆ ಹೊಡೆದರೆ ಗೋಡೆಗೆ ಹೊಸದಾಗಿ ಗಾರೆ ಮೆತ್ತಬೇಕು. ಅದೇ ಮನುಷ್ಯ, ಅದೇ ಕೈ. ಇದು ಹೇಗೆ ಸಾಧ್ಯ? ಅಕ್ಕನ ಪ್ರಕಾರ, ಅಲ್ಲಿ ಮೇಸ್ತ್ರಿ ನಿಂತು ನೋಡುತ್ತಿರುತ್ತಾನೆ, ಇಲ್ಲಿ ನೋಡುವವಳು ಬರೀ ಹೆಂಡತಿ.

ನಾನಾಗ ಬಂಗಾರಪೇಟೆಯ ಶಾಲೆಯಲ್ಲಿ ಹೊಸದಾಗಿ ಮೇಷ್ಟರಾಗಿದ್ದೆ. ಪೇಟೆಗೆ ಎರಡು ಮೈಲಿ ದೂರದ ಹಳ್ಳಿಯಲ್ಲಿದ್ದ ಅಕ್ಕನ ಮನೆಯಲ್ಲೇ ನನ್ನ ಊಟ, ನಿದ್ದೆ. ಭಾವ ದಿನಾ ಸ್ಟೇಷನ್ನಿಗೆ ನಡೆದು, ರೈಲು ಹಿಡಿದು ಗಣಿಗೆ ಹೋಗುತ್ತಿದ್ದರು. ಹಿಡಿದು ಅಂದೆನೇ? ಎಷ್ಟೋ ದಿನ ಅದರ ಬೆನ್ನು ನೋಡಿಕೊಂಡು ವಾಪಸ್ಸು ಬರುತ್ತಿದ್ದರು. ಹಾಗಾಗಿ ಉರಿಗಾಂ ಗಣಿಯ ಒಬ್ಬ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ಅವನ ಹಳೇ ಮೋಟಾರ್ ಸೈಕಲ್ಲನ್ನು ಅಗ್ಗಕ್ಕೆ ಕೊಂಡುಬಿಟ್ಟರು. ಇಂಜಿನ್ನು ಗಟ್ಟಿಮುಟ್ಟು. ಪೆಟ್ರೋಲ್ ಟ್ಯಾಂಕು ಮಾತ್ರ ಒಳಗೂ ತುಕ್ಕು, ಹೊರಗೂ ತುಕ್ಕು.

ತಂದ ಗಳಿಗೆ ಸರಿಯಿರಲಿಲ್ಲ. ಹದಿನೈದು ದಿನದ ಹಿಂದಷ್ಟೇ ಭಾವನ ತಂದೆ, ಮನೆಯ ಯಜಮಾನರು, ಪ್ರಾಣದಂತೆ ಸಾಕಿದ್ದ ಕೆಂದ ಎಂಬ ಎತ್ತು ಹಾವು ಕಚ್ಚಿ ಸತ್ತಿತ್ತು. ಒಂಟಿ ಎತ್ತು ಕಟ್ಟಿಕೊಂಡು ಏನು ಮಾಡಲಿ ಎಂದು ಯಜಮಾನರು ಅದರ ಜೊತೆಯದನ್ನು ತಮ್ಮನ ಮನೆಗೆ ಕಳಿಸಿದ್ದರು. ಆ ಖಾಲಿ ಕೊಟ್ಟಿಗೆಗೆ ಮಗರಾಯ ಮೋಟಾರ್ ಸೈಕಲ್ ತಂದು ನಿಲ್ಲಿಸಿದರು! "ಕೆಂದ ನಿಂತಿದ್ದ ಜಾಗದಾಗೆ ಈ ತುಕ್ಕು ಮುಸುಡೀನಾ?" ಅಂದ ಯಜಮಾನರು ಅಂದಿನಿಂದ ಮಗನೊಂದಿಗೆ ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ನನ್ನ ಕೈಲೇ ಹೇಳಿಸುತ್ತಿದ್ದರು, ಮಗ ಎದುರಿಗೇ ಕೂತಿದ್ದರೂ. "ಮೇಷ್ಟ್ರೇ, ಇನ್ನೊಂದು ಮುದ್ದೆ ಬೇಕೇನೋ ಕೇಳಿ." ಒಂದು ಮೊಳ ದೂರದಲ್ಲಿ ಕೂತ ಇಬ್ಬರ ನಡುವೆ ನಾನು ಅಂಚೆಯವನಾದೆ.

ಭಾವ ಮೇಲೆ ನಗುತ್ತಿದ್ದರು. ಆದರೆ ಮುದ್ದೆ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದಿನ ಪಣ ತೊಟ್ಟೇಬಿಟ್ಟರು: "ಮುಸುಡಿ ಸರ್ಯಾಗಿಲ್ಲ ಅಂತ ತಾನೇ? ಸಂಕ್ರಾಂತಿ ಒತ್ಗೆ ಬಣ್ಣ ಒಡ್ದು, ಅಪ್ಪನ ಬಾಯಾಗೆ ನನ್ನ ಮಾತಾಡಿಸ್ಕಂತೀನಿ ನೋಡ್ಲಾ ಬಾಮೈದ!"

"ಪೇಟೆಯಲ್ಲಿ ಪೇಂಟರ್ ಇದ್ದಾನಲ್ಲ ಭಾವ?" ಎಂದೆ.

"ಯಾಕ್ಲಾ, ನಂಗೆ ಕೈ ಇಲ್ವಾ?"

ಇದ್ದದ್ದೇ ತೊಂದರೆ ಎಂದು ಅವರಿಗೆ ಹೇಗೆ ಹೇಳುವುದು!

ಮೊದಲು ಒಳಗಿನ ತುಕ್ಕು ಹೋಗಬೇಕು. ಟ್ಯಾಂಕು ಬಿಚ್ಚಿ ತೊಳೆದು, ಅದರೊಳಗೆ ಹುಣಿಸೆ ನೀರು, ಒಂದು ಬೊಗಸೆ ಸಣ್ಣ ಕಲ್ಲು ಹಾಕಿ ಕುಲುಕಬೇಕಂತೆ. ಅಷ್ಟು ಹೊತ್ತು ಕುಲುಕಲು ತೋಳು ಯಾರಿಗಿದೆ? ಸಂಜೆ ನಾನು ಶಾಲೆಯಿಂದ ಬಂದಾಗ ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಟ್ಯಾಂಕು ಸುಖವಾಗಿ ಮಲಗಿತ್ತು. ಅಕ್ಕನ ಆರು ತಿಂಗಳ ಮಗು ಚಾಪೆಯ ಮೇಲೆ ಕಿರುಚುತ್ತಿತ್ತು. ಭಾವ ಕಡಲೆಕಾಯಿ ಬಿಡಿಸಿ ತಿನ್ನುತ್ತಾ ಕಾಲಿನ ಹೆಬ್ಬೆರಳಿಗೆ ಹಗ್ಗ ಕಟ್ಟಿಕೊಂಡು ಜೋಲಿ ತೂಗುತ್ತಿದ್ದರು. ಗಡಗಡ, ಗಡಗಡ! ಪಕ್ಕದ ಮನೆಯಾಕೆ ಗಾಬರಿಯಿಂದ ಇಣುಕಿ, "ಏನಮ್ಮಾ, ಮಗೀಗೆ ಒಟ್ಟೆ ಇಂಗೆ ಗುಡುಗ್ತೈತೆ, ಓಮದ ನೀರು ಕುಡಿಸಬಾರ್ದಾ?" ಎಂದಳು.

"ನನ್ ಮಗ ಇಲ್ಲಿ ಅವ್ನೆ ಕಣಕ್ಕಾ, ಅದು ಸವತಿ ಮಗ" ಎಂದಳು ಅಕ್ಕ.

ಇನ್ನು ಬಣ್ಣ. ಗಣಿಯ ಗೆಳೆಯನೊಬ್ಬ ಬಾಗಿಲಿಗೆ ಬಳಿದು ಉಳಿಸಿದ್ದ ಹಸಿರು ಬಣ್ಣ ಪುಕ್ಕಟೆ ಸಿಕ್ಕಿತ್ತು. ಇಟ್ಟಿಗೆ ಪುಡಿ, ತೆಂಗಿನ ನಾರು ಹಾಕಿ ಹೊರಗಿನ ತುಕ್ಕು ತಿಕ್ಕಿ, ಹಿತ್ತಲಲ್ಲಿ ಕೂತು ಭಾವ ಬಣ್ಣ ಬಳಿದರು. ಚೆನ್ನಾಗಿಯೇ ಬಂದಿತ್ತು, ಸುಳ್ಳು ಹೇಳಬಾರದು. ಆದರೆ ಸುಗ್ಗಿಯ ಕಾಲದಲ್ಲಿ ಹಿತ್ತಲ ಪಕ್ಕದ ಕಣದಲ್ಲಿ ಜನ ಏನು ಮಾಡುತ್ತಾರೆಂದು ರೈತನ ಮಗ ಮರೆಯಬಹುದೇ? ಗಾಳಿ ಬಂತು, ಅವರು ರಾಗಿ ತೂರಿದರು, ಹೊಟ್ಟು ಹಾರಿ ಬಂದು ಹಸಿ ಬಣ್ಣಕ್ಕೆ ಅಂಟಿಕೊಂಡಿತು. ಯಜಮಾನರು ಬಂದು ನೋಡಿ, "ಮೇಷ್ಟ್ರೇ, ಟ್ಯಾಂಕಿಗೆ ಗಡ್ಡ ಬಂದೈತೆ. ಯಾವಾಗ ಬೋಳಿಸ್ತಾನಂತೆ ಕೇಳಿ" ಅಂದರು.

ಭಾವ ಎಲ್ಲ ಕೆರೆದು ಇನ್ನೊಮ್ಮೆ ಬಳಿದರು, ಈ ಸಲ ಮನೆಯೊಳಗೆ. ಮಾಗಿಯ ಚಳಿಗೆ ಅದು ಒಣಗಲೇ ಇಲ್ಲ. ತಾಳ್ಮೆಗೆಟ್ಟು ಬಚ್ಚಲೊಲೆಯ ಪಕ್ಕ ಇಟ್ಟರು. ಬಿಸಿಗೆ ಬಣ್ಣವೆಲ್ಲ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು.

"ಮೇಷ್ಟ್ರೇ, ನನ್ ಮೊಕ ನೋಡ್ಕಂಡ್ ಬಳುದ್ನಾ ಕೇಳಿ."

"ಊಂ ಅನ್ಲಾ ಬಾಮೈದ" ಎಂದರು ಭಾವ ತಲೆಯೆತ್ತದೆ.

ಸಂಕ್ರಾಂತಿ ಬಂದೇಬಿಟ್ಟಿತು. ಬೀದಿಯಲ್ಲೆಲ್ಲ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುವ ಸಡಗರ. ನಮ್ಮ ಯಜಮಾನರು ಮಾತ್ರ ಬೀದಿಗೆ ಬೆನ್ನು ಮಾಡಿ ಜಗಲಿಯಲ್ಲಿ ಕೂತಿದ್ದರು. ಭಾವ ಮತ್ತೆ ಕೆರೆದು ನುಣುಪು ಮಾಡಿದ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಿದ್ದರು. ಡಬ್ಬದಲ್ಲಿ ಹಸಿರು ಬಣ್ಣ ಮುಗಿದುಹೋಗಿತ್ತು. ಬ್ರಷ್ಷಿನಿಂದ ತಳ ಗೀರಿದರು. ಏನೂ ಬರಲಿಲ್ಲ.

ಯಜಮಾನರು ಎದ್ದರು. ಕೊಟ್ಟಿಗೆಯ ಗೂಡಿಗೆ ಕೈ ಹಾಕಿ ಒಂದು ಪುಟ್ಟ ಡಬ್ಬ ತೆಗೆದರು. ಹೋದ ಸಂಕ್ರಾಂತಿಯಲ್ಲಿ ಕೆಂದನ ಕೊಂಬಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣ. ಮೇಲೆ ಕಟ್ಟಿದ್ದ ಕೆನೆಯನ್ನು ಕಡ್ಡಿಯಿಂದ ತೆಗೆದು, ಮಗನ ಎದುರು ಕುಕ್ಕರಗಾಲಲ್ಲಿ ಕೂತರು.

"ಮೇಷ್ಟ್ರೇ, ಭದ್ರವಾಗಿ ಇಡ್ಕಳಕ್ಕೇಳಿ."

ನಾನು ಬಾಯಿ ತೆಗೆಯುವ ಮೊದಲೇ ಭಾವ ಟ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಯಜಮಾನರು ಎಡಗೈಯನ್ನು ಅದರ ಮೇಲಿಟ್ಟು, "ಓ... ಓ..." ಎಂದು ಸಮಾಧಾನ ಮಾಡಿದರು. ಬ್ರಷ್ಷು ಮುಂದಿನಿಂದ ಹಿಂದಕ್ಕೆ ಒಂದೇ ಎಳೆತಕ್ಕೆ ಹರಿಯಿತು. ಜೀವಮಾನವೆಲ್ಲ ಒದ್ದಾಡುವ ಕೊಂಬುಗಳಿಗೆ ಬಣ್ಣ ಹಚ್ಚಿದ ಕೈ ಅದು. ಅರ್ಧಕ್ಕೆ ನಿಂತಿತು.

"ಮೇಷ್ಟ್ರೇ, ಇದು ತಲೆ ಆಡ್ಸಲ್ಲ" ಅಂದರು.

ಈ ಮಾತನ್ನು ಯಾರಿಗೆ ತಲುಪಿಸಬೇಕೆಂದು ನನಗೆ ತಿಳಿಯಲಿಲ್ಲ.

ಆಗ ಭಾವ ಟ್ಯಾಂಕನ್ನು ಮೆಲ್ಲಗೆ ಎಡಕ್ಕೆ ಆಡಿಸಿದರು. ಆಮೇಲೆ ಬಲಕ್ಕೆ. ಥೇಟ್ ಕೆಂದ ಮಾಡುತ್ತಿದ್ದಂತೆಯೇ.

"ಲೇ, ಸುಮ್ಕಿರ್ಲಾ! ಗೆರೆ ಸೊಟ್ಟ ಆಯ್ತು ನೋಡು!"

ಭಾವನ ಕೈ ನಿಲ್ಲಲಿಲ್ಲ, ಕಣ್ಣೀರೂ ನಿಲ್ಲಲಿಲ್ಲ. ಯಜಮಾನರು ನಗುತ್ತಲೋ ಅಳುತ್ತಲೋ ಮಗನ ತಲೆಗೊಂದು ಮೊಟಕಿ ಬ್ರಷ್ಷನ್ನು ಮತ್ತೆ ಬಣ್ಣಕ್ಕೆ ಅದ್ದಿದರು.

ಆಮೇಲೆ ಆ ಗಾಡಿ ಬಹಳ ವರ್ಷ ಓಡಿತು. ಕೆರೆಯುವುದರಲ್ಲಿ ಅಷ್ಟು ಕೈ ಪಳಗಿದ್ದ ನಮ್ಮ ಭಾವ, ಯಜಮಾನರು ಹೋದ ಮೇಲೂ ಆ ಸೊಟ್ಟ ಗೆರೆಯನ್ನು ಮುಟ್ಟಲಿಲ್ಲ.