ದಾರಕ್ಕೆ ಸಿಕ್ಕಿಸಿದ ದಿನಚರಿ

ಕೆಲವರಿಗೆ ಹಾವಿನ ಭಯ, ಕೆಲವರಿಗೆ ಕತ್ತಲೆಯ ಭಯ. ನನಗೆ ಬೆಳಗಿನ ಭಯ. ಕಣ್ಣು ಬಿಟ್ಟ ಕೂಡಲೇ ಇಡೀ ದಿನ ನನ್ನ ಕಾಲ ಬಳಿ ಬಂದು ಕೂತು, ಈಗ ನನ್ನನ್ನು ಏನು ಮಾಡುತ್ತೀ ಎಂದು ಕೇಳುತ್ತಿರುವಂತೆ ತೋರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು ಇಂಥ ಮಾತನ್ನು ಹೊರಗೆ ಆಡುವಂತಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಏಳುವುದಕ್ಕೊಂದು, ಉಣ್ಣುವುದಕ್ಕೊಂದು, ಓದುವುದಕ್ಕೊಂದು ಗಂಟೆ ಹೊಡೆಯುತ್ತಿತ್ತು. ಎರಡು ವರ್ಷ ನಾನು ಬಹಳ ಶಿಸ್ತಿನ ಹುಡುಗಿ ಎಂದು ಹೆಸರು ಪಡೆದಿದ್ದೆ. ಶಿಸ್ತು ನನ್ನದಲ್ಲ, ಗಂಟೆಯದು ಎಂದು ತಿಳಿದದ್ದು ಬಸವನ ಬಾಗೇವಾಡಿಯಲ್ಲಿ ಮಳೆ ಬೆಳೆಯ ಲೆಕ್ಕ ಬರೆಯುವ ನೌಕರಿಗೆ ಸೇರಿ, ಗಂಗವ್ವನೆಂಬ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಒಬ್ಬಳೇ ಇರತೊಡಗಿದ ಮೇಲೆ.

ನನ್ನ ಕೆಲಸದಲ್ಲಿ ಗಡಿಯಾರಕ್ಕೆ ಕಟ್ಟುಬಿದ್ದ ಸಂಗತಿ ಒಂದೇ. ದಿನಾ ಬೆಳಿಗ್ಗೆ ಎಂಟೂವರೆಗೆ ಕಚೇರಿಯ ಅಂಗಳದ ಮಳೆಮಾಪಕದಲ್ಲಿ ಎಷ್ಟು ನೀರು ಬಿದ್ದಿದೆ ಎಂದು ನೋಡಿ ಬರೆಯಬೇಕು. ಮಳೆ ಬಂದರೂ ಬರೆಯಬೇಕು, ಬಾರದಿದ್ದರೂ ಬರೆಯಬೇಕು. ನಮ್ಮ ಕಡೆಯ ಆಕಾಶ ಹೇಗೆಂಬುದು ಗೊತ್ತೇ ಇದೆ. ವರ್ಷದ ಬಹುಪಾಲು ಬೆಳಿಗ್ಗೆ ನಾನು ಅರ್ಧಂಬರ್ಧ ಜಡೆ ಹಾಕಿಕೊಂಡು ಓಡುತ್ತಿದ್ದದ್ದು ಒಂದು ಸೊನ್ನೆ ಬರೆಯುವುದಕ್ಕೆ. ಉಳಿದ ಹೊತ್ತೆಲ್ಲ ನನ್ನ ಕೈಯಲ್ಲೇ ಇತ್ತು. ಹೆದರಿಕೆ ಅದರದೇ.

ಮುದ್ದೇಬಿಹಾಳದಲ್ಲಿ ಬಟ್ಟೆಯ ಅಂಗಡಿ ಇಟ್ಟಿರುವ ನನ್ನ ಅಪ್ಪ ಮಿತಭಾಷಿ. ನನ್ನನ್ನು ಕಳಿಸುವ ದಿನ ಮಾತ್ರ ಒಮ್ಮೆಗೇ ಬಹಳ ಮಾತಾಡಿದ್ದರು. "ಆರು ತಿಂಗಳ ನೋಡೂಣು. ಒಬ್ಬಾಕೀನ ಹೊತ್ತಿಗಿ ಸರಿಯಾಗಿ ಉಂಡು, ಹೊತ್ತಿಗಿ ಸರಿಯಾಗಿ ಮಲಗಿ ಇರತೀ ಅಂತ ನನಗ ಧೈರ್ಯ ಬಂದ್ರ ಇರು. ಇಲ್ಲಂದ್ರ ಇಂಡಿಯವರಿಗಿ ಹೂಂ ಅಂತೇನಿ." ಇಂಡಿಯವರೆಂದರೆ ನನ್ನನ್ನು ಸೊಸೆಯಾಗಿ ಕೇಳಿದ್ದ, ಇಂಡಿ ಊರಿನಲ್ಲಿ ಲಿಂಬೆಯ ತೋಟವಿದ್ದ ಒಂದು ಮನೆತನ. ಅವರು ಒಳ್ಳೆಯವರೇ ಇರಬಹುದು. ನಾನು ನೋಡಿರಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ.

ಹಾಗಾಗಿ ಮೊದಲ ವಾರವೇ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಗೆರೆ ಎಳೆದು ಒಂದು ವೇಳಾಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಅದು ನಾಲ್ಕು ದಿನ ಬಾಳಿತು. ನಳದಲ್ಲಿ ನೀರು ತನ್ನ ಮನಸ್ಸಿಗೆ ಬಂದಾಗ ಬರುತ್ತಿತ್ತು. ಹೂವಿನ ಹಿಪ್ಪರಗಿಗೆ ಬೆಳೆ ನೋಡಲು ಹೋದರೆ ಹಿಂದಿರುಗುವ ಹೊತ್ತು ಬಸ್ಸಿಗೇ ಗೊತ್ತು. ಇವೆರಡರ ಜೊತೆಗೆ ಗಂಗವ್ವ. 'ಓದು' ಎಂದು ಬರೆದಿದ್ದ ಹೊತ್ತಿನಲ್ಲೇ ಬಾಗಿಲು ತಳ್ಳಿಕೊಂಡು ಬಂದು, "ರೊಟ್ಟಿ ಬಿಸಿ ಐತಿ, ತಿನ್ನು" ಎನ್ನುತ್ತಿದ್ದಳು. "ಇನ್ನೂ ಊಟದ ಹೊತ್ತಾಗಿಲ್ಲರೀ" ಎಂದರೆ, "ರೊಟ್ಟಿ ಆರೂದಕ್ಕ ಹೊತ್ತು ನೋಡತೈತೇನು? ಕುಂಡ್ರು" ಎಂದು ಗದರುತ್ತಿದ್ದಳು. ನಾನು ಗೋಡೆಯ ಕಡೆ ಬೆನ್ನು ಮಾಡಿ ತಿನ್ನುತ್ತಿದ್ದೆ. ಕಾಗದಕ್ಕೆ ಹೆದರುವುದು ಅವಮಾನ ಎಂದು ಗೊತ್ತಿದ್ದರೂ ಹೆದರುತ್ತಿದ್ದೆ.

ಕಡೆಗೆ ಬಗ್ಗುವ ದಿನಚರಿಯೇ ಮುರಿಯದೆ ಉಳಿದೀತು ಎಂದು ತರ್ಕಿಸಿ ಹೊಸ ಉಪಾಯ ಮಾಡಿದೆ. ಒಂದೊಂದು ಕೆಲಸವನ್ನು ಒಂದೊಂದು ಚೀಟಿಯಲ್ಲಿ ಬರೆದು, ಎರಡು ಮೊಳೆಗಳ ನಡುವೆ ಕಟ್ಟಿದ ದಾರಕ್ಕೆ ತಲೆಪಿನ್ನಿನಿಂದ ಸಿಕ್ಕಿಸಿದೆ. ಮಳೆಮಾಪಕದ ಚೀಟಿ ಮಾತ್ರ ಅಲುಗಾಡುವಂತಿಲ್ಲ; ಸ್ನಾನ, ಅಡುಗೆ, ಓದು, ಬಟ್ಟೆ ಒಗೆಯುವುದು, ನಡಿಗೆ, ಹೀಗೆ ಮಿಕ್ಕವನ್ನೆಲ್ಲ ದಿನ ನೋಡಿ ಹಿಂದೆ ಮುಂದೆ ಸರಿಸಬಹುದು. ಗಟ್ಟಿ ಕಾಗದ ಬೇಕಿತ್ತು. ನಂಟರು ಕಳಿಸಿದ್ದ ಮದುವೆಯ ಕರೆಯೋಲೆಗಳನ್ನು ಕತ್ತರಿಸಿದೆ. ನಾನು ಮಾಡಿದ ತಪ್ಪು ಅದು.

ಅಕ್ಷರ ಬಾರದ ಗಂಗವ್ವನ ಕಣ್ಣಿಗೆ ಬಿದ್ದದ್ದು ಇಷ್ಟು. ಅರಿಶಿನ ಹಚ್ಚಿದ, ಅಲ್ಲಲ್ಲಿ ದೇವರ ಚಿತ್ರದ ಚೂರುಗಳಿದ್ದ ಚೀಟಿಗಳ ಸಾಲು. ದಿನಾ ಬೆಳಿಗ್ಗೆ ಮಿಂದು ಅದರೆದುರು ನಿಂತು, ಮುಖ ಬಾಡಿಸಿಕೊಂಡು, ತುಟಿ ಅಲುಗಿಸುವ ಬಾಡಿಗೆಯ ಹುಡುಗಿ. ಒಂದು ಸಂಜೆ ಬಂದು ನೋಡುತ್ತೇನೆ, ಎಲ್ಲ ಚೀಟಿಗಳಿಗೂ ವಿಭೂತಿ, 'ಅಡುಗೆ'ಯ ಮೇಲೊಂದು ಚೆಂಡುಹೂ. "ನಾ ಕಸಾ ಹೊಡ್ಯಾಕ ಬಂದಿದ್ನೆವ್ವಾ. ಬರೇ ಹಣಿಲೆ ನಿಂತಿದ್ದವು, ನೋಡಾಕ ಆಗಲಿಲ್ಲ" ಎಂದಳು ಗಂಗವ್ವ. ಸ್ನಾನ ಮಾಡುವುದನ್ನು ನೆನಪಿಸಿಕೊಳ್ಳಲು ನನಗೆ ಚೀಟಿ ಬೇಕು ಎಂದು ಆ ಹೆಂಗಸಿಗೆ ಯಾವ ಬಾಯಿಂದ ಹೇಳಲಿ? 

ಮರುವಾರ ಪಕ್ಕದ ಮನೆಯ ನೀಲವ್ವ ಬಂದಳು. ಗೊಳಸಂಗಿಗೆ ಕೊಟ್ಟ ಮಗಳು ತವರಿಗೆ ಬಂದಿದ್ದಳು. ಸೋಮವಾರ ತಿರುಗಿ ಕಳಿಸಬೇಕೋ ಬೇಡವೋ ಎಂಬುದು ಪ್ರಶ್ನೆ. ದೇವರ ಮುಂದೆ ಚೀಟಿ ಎತ್ತಿ ನೋಡುವ ರೂಢಿ ನಮ್ಮಲ್ಲಿ ಇದ್ದದ್ದೇ. ನಾನು ಬೇಡವೆನ್ನುವ ಮೊದಲೇ ನೀಲವ್ವ ಕಣ್ಣು ಮುಚ್ಚಿ ಒಂದನ್ನು ಕಿತ್ತು ನನ್ನ ಕೈಗೆ ಕೊಟ್ಟಳು. "ಬಟ್ಟೆ ಒಗೆಯುವುದು" ಎಂದು ಓದಿದೆ. ದನಿ ನಡುಗಿದ್ದು ಅವರಿಗೆ ಭಕ್ತಿಯಂತೆ ಕೇಳಿಸಿರಬೇಕು. ಗಂಗವ್ವ ತಡಮಾಡದೆ, "ಇದ್ದ ಸೀರಿ ಎಲ್ಲಾ ಒಗಸಿ ಆಮ್ಯಾಲ ಕಳಸು" ಎಂದು ತೀರ್ಪು ಕೊಟ್ಟಳು. ಒಗೆದು ಒಣಗಿಸುವಷ್ಟರಲ್ಲಿ ಬುಧವಾರವಾಯಿತು. ಸೋಮವಾರದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಆ ಬಸ್ಸು ಹೆಚ್ಚಿನ ಸೋಮವಾರಗಳಲ್ಲಿ ಕೆಟ್ಟೇ ನಿಲ್ಲುತ್ತಿತ್ತು. ಆದರೆ ಸಂಖ್ಯಾಶಾಸ್ತ್ರ ಓದಿದವಳು ನಾನೊಬ್ಬಳೇ, ನಾನೋ ಬಾಯಿ ಬಿಡುವವಳಲ್ಲ. ಅಲ್ಲಿಂದ ಮುಂದೆ ಓಣಿಯ ಹೆಂಗಸರು ನನ್ನ ದಿನಚರಿಯನ್ನು ಕೇಳಿಕೊಂಡು ತಮ್ಮ ದಿನ ಕಳೆಯತೊಡಗಿದರು. ಕಿತ್ತ ಚೀಟಿಗಳನ್ನು ಅವರು ಮನಬಂದಲ್ಲಿ ಸಿಕ್ಕಿಸಿ ಹೋಗುತ್ತಿದ್ದುದರಿಂದ ನನ್ನ ಅಡುಗೆ ನಿದ್ದೆಯ ಆಚೆ ಹೋಗಿ, ಎಷ್ಟೋ ದಿನ ನಾನು ಉಂಡದ್ದು ಗಂಗವ್ವನ ರೊಟ್ಟಿ ಮಾತ್ರ.

ಅಷ್ಟರಲ್ಲಿ ಅಪ್ಪನ ಕಾಗದ ಬಂತು. ಆರು ತಿಂಗಳು ತುಂಬಿತು, ಭಾನುವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ ಎಂದು. ಮಳೆಮಾಪಕ ನೋಡಿ ಬಂದು, ಚೀಟಿ ಬಿಚ್ಚಿ, ವಿಭೂತಿ ಒರೆಸಿ, ಅನ್ನಕ್ಕಿಡುವುದೆಂದು ಗೊತ್ತುಮಾಡಿಕೊಂಡೆ. ಸೊನ್ನೆ ಬರೆದು ಮರಳಿದರೆ ಬಾಗಿಲಲ್ಲಿ ಅಪ್ಪನ ಚಪ್ಪಲಿ. ಮೊದಲ ಬಸ್ಸಿಗೇ ಬಂದಿದ್ದರು.  ಒಳಗೆ ನೀಲವ್ವ, ಇನ್ನಿಬ್ಬರು ಹೆಂಗಸರು, ನಡುವೆ ಗಂಗವ್ವ. ಅಪ್ಪ ಚಾಳೀಸು ಹಾಕಿಕೊಂಡು ದಾರದ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಚೀಟಿ ಓದುತ್ತಿದ್ದರು.

"ನೀವೂ ಒಂದ ಎತ್ತರಿ ಯಜಮಾನರ. ಬಾಳ ಖರೇ ಹೇಳತಾವು" ಎಂದಳು ಗಂಗವ್ವ.

ಅಪ್ಪನಿಗೆ ಎಲ್ಲ ತಿಳಿದುಹೋಗಿತ್ತು. ಅವರು ಲೆಕ್ಕದ ಮನುಷ್ಯ. ನನ್ನ ಮುಖ ನೋಡಿದರು. ಈಗ ಎಲ್ಲರೆದುರು ಹೇಳಿಬಿಡುತ್ತಾರೆ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವರು ಕಡೆಯ ಮೊಳೆಗೆ ಆತುಕೊಂಡಿದ್ದ ಚೀಟಿ ತೆಗೆದರು. 'ಅಪ್ಪನಿಗೆ ಪತ್ರ.' ಎರಡು ತಿಂಗಳಿಂದ ನಾಳೆಗೆ ಸರಿಯುತ್ತ ಅಲ್ಲಿ ಸೇರಿತ್ತು.

"ಏನ ಬಂತರಿ?" ಎಂದು ನೀಲವ್ವ ಕೇಳಿದಳು.

"ಚಲೋದೇ ಬಂದೈತಿ" ಎಂದು ಅಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಗಂಗವ್ವನನ್ನು ಕೇಳಿದರು: "ಈಕಿ ಹೊತ್ತಿಗಿ ಸರಿಯಾಗಿ ಉಣತಾಳೇನವಾ?"

"ಎಲ್ಲೀದ್ರಿ. ನಾ ಬೈದು ಕುಂಡರಿಸಿದಾಗ ಉಣತಾಳ."

"ದಿನಾ ಬೈತೀರೇನು?"

"ಒಂದ ದಿನಾನೂ ತಪ್ಪಿಸಿಲ್ಲರಿ."

ಅಪ್ಪ ಹೂಂ ಎಂದರು. ಗಂಗವ್ವನ ರೊಟ್ಟಿ ಉಂಡು ಮಧ್ಯಾಹ್ನದ ಬಸ್ಸಿಗೆ ಹೊರಟರು. ಮುದ್ದೇಬಿಹಾಳಕ್ಕೆ ಏಕೆ ಮರಳಲಾರೆ ಎಂಬುದಕ್ಕೆ ನಾನು ಹನ್ನೊಂದು ಕಾರಣಗಳನ್ನು ಬಾಯಿಪಾಠ ಮಾಡಿಟ್ಟಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಅವರು, "ಇರು. ಇಂಡಿಯವರಿಗಿ ಬ್ಯಾಡ ಅಂತ ನಾ ಹೇಳತೇನಿ. ಆ ಮುದುಕಿ ಮನಿ ಬಿಡಬ್ಯಾಡ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಒಂದು ಕಾರಣವನ್ನೂ ಯಾರೂ ಕೇಳಲಿಲ್ಲ.

ಬಸ್ಸು ಹೊರಟಿತು. ಆಗ ಬಂದ ಭಯದ ಮುಂದೆ ಆರು ತಿಂಗಳ ಭಯ ಏನೂ ಅಲ್ಲ. ಅಲ್ಲಿಯವರೆಗೆ ನಾನು ಸೋತರೆ ಬಂದು ಕರೆದೊಯ್ಯುವವರೊಬ್ಬರಿದ್ದರು. ಇನ್ನು ಇರಲೇಬೇಕು. ನನಗೇ ತಿಳಿಯದೆ ಬಸ್ಸಿನ ಹಿಂದೆ ಹತ್ತು ಹೆಜ್ಜೆ ಓಡಿದೆ. ಕಂಡಕ್ಟರ್ ಸೀಟಿ ಊದಿ ನಿಲ್ಲಿಸಿದ. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, "ಏನವಾ?" ಎಂದರು. "ನಿಮ್ಮ ಛತ್ರಿ ಮರತೀರೇನೋ ಅಂತ" ಎಂದೆ. ಛತ್ರಿ ಅವರ ಕೈಯಲ್ಲೇ ಇತ್ತು. ಕಂಡಕ್ಟರ್ ಬಾಗಿಲು ಹಿಡಿದುಕೊಂಡು, "ಹತ್ತಾಕಿದ್ರ ಹತ್ತರಿ ಅಕ್ಕಾರ, ಮಂದಿ ಕಾಯಾಕತ್ತೈತಿ" ಎಂದ.

ಒಬ್ಬಳೇ ಇರುವ ದಿಟ್ಟ ಹುಡುಗಿ ಎಂದು ಓಣಿಯವರು ಈಗ ನನ್ನನ್ನು ಹೊಗಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ಆ ದಿನ ಇಡೀ ಬಸ್ಸು ಕಿಟಕಿಗಳಿಂದ ನನ್ನನ್ನೇ ನೋಡುತ್ತಿರುವಾಗ ಅದರ ಮೆಟ್ಟಿಲು ಹತ್ತುವ ಧೈರ್ಯ ನನಗೆ ಬರಲಿಲ್ಲ, ಅಷ್ಟೇ.