ಎರಡು ಎಕ್ಕಾ, ಒಂದು ಜೊಳ್ಳು ಶೇಂಗಾ

ಹತ್ತನೆಯ ತರಗತಿಗೆ ಗಣಿತ ಕಲಿಸುವ ನನಗೆ ಪೋಕರ್ ಎಂಬ ಇಸ್ಪೀಟಾಟ ಯಾವ ಲೆಕ್ಕ! ಎಂಟು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಒಂಬತ್ತನೆಯ ದಿನ ಇಡೀ ಸಿಂದಗಿ ತಾಲೂಕಿಗೆ ನಾನೇ ಪೋಕರ್ ಪಂಡಿತನೆಂದು ಘೋಷಿಸಿಕೊಂಡೆ. ಪಂಡಿತನಿಗೆ ಶಿಷ್ಯರು ಬೇಕಲ್ಲ? ಮನೆಯಲ್ಲೇ ಇಬ್ಬರು ಸಿಕ್ಕರು: ಹೆಂಡತಿ ಯಶೋಧಾ, ನನ್ನ ಅವ್ವ ಸುಂದರವ್ವ.

ಪಣವೂ ಸಿದ್ಧವಿತ್ತು. ಯಂಕಂಚಿಯ ತನ್ನ ತವರಿಗೆ ಹೋಗಿ ಹೊಲದಲ್ಲಿ ಸೀತನಿ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನೋಣವೆಂದು ಯಶೋಧಾ ಮೂರು ವರ್ಷದಿಂದ ಕೇಳುತ್ತಿದ್ದಳು. ನಾನೂ ಮೂರು ವರ್ಷದಿಂದ "ಪುರಸೊತ್ತ ಆಗ್ಲಿ, ನೋಡೂಣು" ಅನ್ನುತ್ತಿದ್ದೆ.

"ನೀ ಗೆದ್ರ ಈ ರವಿವಾರ ಯಂಕಂಚಿ. ನಾ ಗೆದ್ರ ದಿನಪೂರ್ತಿ ನನ್ನ ನಿದ್ದಿ!" ಎಂದು ಧಾರಾಳವಾಗಿ ಸಾರಿದೆ. ಗೆಲ್ಲುವವನು ನಾನೇ ತಾನೆ!

ತಲೆಗೆ ಹದಿನೈದು ಶೇಂಗಾ ಹಂಚಿ ಪಾಠ ಶುರು ಮಾಡಿದೆ. "ಎಲಿ ನೋಡೋಕಿಂತ ಮೊದಲ ಒಬ್ರು ಒಂದು ಶೇಂಗಾ ಇಡಬೇಕು. ಅದು ಸ್ಮಾಲ್ ಬ್ಲೈಂಡ್. ಬಾಜೂದವ್ರು ಅದರ ಡಬಲ್ ಇಡಬೇಕು. ಅದು ಬಿಗ್ ಬ್ಲೈಂಡ್. ಸರದಿ ಎಲ್ಲಾರಿಗೂ ಬರ್ತೈತಿ, ತಪ್ಪಿಸ್ಕೊಳ್ಳಾಕ ಬರಂಗಿಲ್ಲ."

"ನೋಡದ ಯಾಕ ಇಡಬೇಕೋ? ನಾ ಬದನಿಕಾಯಿನೂ ಹೊಳ್ಳಿಸಿ ನೋಡಿ ತೊಗೋತೇನಿ!" ಅವ್ವ ಗುಡುಗಿದಳು.

"ಏನೂ ಇಡದಿದ್ರ ಎಲ್ಲಾರೂ ಛಲೋ ಎಲಿ ಬರ್ಲಿ ಅಂತ ಕೈಕಟ್ಟಿ ಕೂಡ್ತಾರವಾ. ಆಟ ಶುರುನ ಆಗಂಗಿಲ್ಲ!"

ಯಶೋಧಾ ನನ್ನನ್ನೇ ನೋಡಿದಳು. "ಹೌದ್ರಿ, ಅಂಥವ್ರನ್ನ ನಾ ಕಂಡೇನಿ."

ಪಂಡಿತನಾದವನು ಕಂಡಕಂಡ ಎಲೆಗೆ ಆಡುತ್ತಾನೆಯೆ? ಸಣ್ಣ ಎಲೆ ಬಂತು, ಬಿಟ್ಟೆ. ರಾಣಿ ಬಂದಳು, ಜೊತೆಗೆ ರಾಜನಿಲ್ಲವೆಂದು ಅವಳನ್ನೂ ಬಿಟ್ಟೆ. ಆದರೆ ಸರದಿ ನನ್ನನ್ನು ಬಿಡಬೇಕಲ್ಲ! ಒಮ್ಮೆ ಒಂದು, ಒಮ್ಮೆ ಎರಡು, ನನ್ನ ಶೇಂಗಾ ಹೋಗುತ್ತಲೇ ಇದ್ದವು. ಯಶೋಧಾ ಎಂಥ ಎಲೆಗೂ ಧೈರ್ಯವಾಗಿ ಆಡಿ ಗುಡ್ಡೆ ಹಾಕಿದಳು. ಅವ್ವ ಗೆದ್ದದ್ದನ್ನೆಲ್ಲ ಸುಲಿದು ತಿಂದಳು.

ಕೊನೆಗೆ ಎರಡೇ ಉಳಿದವು. ಬಿಗ್ ಬ್ಲೈಂಡ್ ನನ್ನದೇ! ಇಟ್ಟು, ಎಲೆ ಎತ್ತಿದರೆ ಎರಡೂ ಎಕ್ಕಾ, ಎಲ್ಲಕ್ಕಿಂತ ದೊಡ್ಡ ಜೋಡಿ! "ಬಂತು!" ಎಂದು ಕೂಗಿಯೇಬಿಟ್ಟೆ. ತಕ್ಷಣ ಇಬ್ಬರೂ ಆ ಆಟ ಬಿಟ್ಟು ತಮ್ಮ ಎಲೆ ಕೆಳಗೆ ಒಗೆದರು. ಎರಡು ಎಕ್ಕಾಗಳಿಂದ ನನಗೆ ಸಿಕ್ಕದ್ದು ಅವ್ವ ಇಟ್ಟಿದ್ದ ಒಂದೇ ಶೇಂಗಾ. ಅದೂ ಜೊಳ್ಳು! ಮುಂದಿನ ಸರದಿಗಳಲ್ಲಿ ಆ ಮೂರೂ ಹೋದವು.

"ಛಲೋ ಎಲಿ ಬರೋದ್ರಾಗ ನಿಮ್ಮ ಶೇಂಗಾ ತೀರಿದ್ವು," ಯಶೋಧಾ ನಗುತ್ತಲೇ ಅಂದಳು. "ನಿಮಗ ಪುರಸೊತ್ತ ಆಗೋದ್ರಾಗ ಪ್ರತಿ ವರ್ಷಾ ಜ್ವಾಳನೂ ಬಲೀತಾವ್ರಿ."

ನನಗೆ ಚುರುಕ್ಕೆಂದಿತು. ಪಾಪ, ಮೂರು ವರ್ಷ ಅವಳನ್ನು ಸುಮ್ಮನೆ ಕಾಯಿಸಿದ್ದೆ. "ಆತು, ರವಿವಾರ ಯಂಕಂಚಿ! ಖರೇನ ಹೋಗೂಣು" ಎಂದೆ.

ಅವ್ವ ಮಡಿಲಿನ ಸಿಪ್ಪೆ ಕೊಡವಿದಳು. "ತಡಿ ಅನಿಲ್ಯಾ. ಯಶೋಧಾಗ ಒಂದು ದಿನ ಇಟ್ಟಿ, ಅದು ಸಣ್ಣದು. ಬಾಜೂಕ ನಾ ಕುಂತೇನಿ. ನನ್ನ ತವರಮನಿ ಕನ್ನೊಳ್ಳಿ. ದೊಡ್ಡದು ಡಬಲ್ ಅಂದೆಲ್ಲೋ? ಇಡು ಎರಡು ದಿನ!"

ಪಂಡಿತನು ಎಲೆ ನೋಡದೆಯೇ ರಜೆಯ ಅರ್ಜಿ ಬರೆದನು.