ಎರಡು ಇಂಜಿನ್ನಿನ ಧೈರ್ಯ

ಒಂದೇ ಇರುವ ವಸ್ತುವಿನ ಮೇಲೆ ನನಗೆ ಎಂದೂ ನಂಬಿಕೆ ಹುಟ್ಟಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಜೇಬಿನಲ್ಲಿ ಎರಡು ಪೆನ್ನು, ಕೈಚೀಲದಲ್ಲಿ ಎರಡು ಕನ್ನಡಕ, ಬಾಗಿಲಿಗೆ ಎರಡು ಕೀಲಿ ಇಲ್ಲದೆ ಮನೆ ಬಿಟ್ಟವನಲ್ಲ. ಸಿಂದಗಿಗೆ ಮದುವೆಯೊಂದಕ್ಕೆ ಹೋದಾಗ ಎರಡು ಛತ್ರಿ ಒಯ್ದು, ಎರಡನ್ನೂ ಬಸ್ಸಿನಲ್ಲೇ ಮರೆತು, ತೊಯ್ದ ಬಟ್ಟೆಯಲ್ಲೇ ಅಕ್ಷತೆ ಹಾಕಿ ಬಂದಿದ್ದೇನೆ. ಆದರೂ ನನ್ನ ಸಿದ್ಧಾಂತ ಸಡಿಲಾಗಲಿಲ್ಲ. ಮೂರು ಒಯ್ಯಬೇಕಿತ್ತು ಎಂದುಕೊಂಡೆ, ಅಷ್ಟೇ.

ಇಂಥವನು ನಿವೃತ್ತನಾದ ಮೇಲೆ ಹಳೆಯ ದೋಣಿಯೊಂದನ್ನು ಕೊಳ್ಳಲು ಹೊರಟಿದ್ದು ಹೆಂಡತಿ ಸುಮಿತ್ರೆಯ ಸಲುವಾಗಿ. ಅವಳ ತವರು ಕೃಷ್ಣೆಯ ಹಿನ್ನೀರಿನ ಆಚೆ ದಂಡೆಯಲ್ಲಿದೆ. ನಾಲತವಾಡದ ಕಡೆಯ ದಂಡೆಯಲ್ಲಿ ನಿಂತರೆ ಅವಳ ತಮ್ಮ ಶ್ರೀಪತಿಯ ಹೊಲದ ಬೇವಿನ ಮರ ಕಾಣುತ್ತದೆ. ಆದರೆ ಮುದ್ದೇಬಿಹಾಳದ ನಮ್ಮ ಮನೆಯಿಂದ ಬಸ್ಸಿಗೆ ಹೊರಟರೆ ಸುತ್ತು ಹಾಕಿ, ಎರಡು ಕಡೆ ಇಳಿದು ಹತ್ತಿ, ಮುಟ್ಟುವಷ್ಟರಲ್ಲಿ ಅಲ್ಲಿ ಎಲ್ಲರ ಊಟ ಮುಗಿದಿರುತ್ತದೆ. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ ಆ ಹಾದಿಯೂ ನಿಂತಿತು. ತಮ್ಮನ ಮನೆ ಕಂಡು ಎರಡು ವರ್ಷವಾಗಿತ್ತು. "ರಿಟೈರ್ ಆದ ಮ್ಯಾಲ ತಿಂಗಳಿಗೊಮ್ಮೆ ನೀರಿನ ಮ್ಯಾಲ ಕರಕೊಂಡು ಹೋಗ್ತೇನಿ" ಎಂದು ಮಾತು ಕೊಟ್ಟಿದ್ದೆ. ಮಾತು ಕೊಡುವುದಕ್ಕೆ ಇಂಜಿನ್ ಬೇಕಾಗುವುದಿಲ್ಲ.

ದೋಣಿ ನೋಡಲು ಗೆಳೆಯ ಮೈಬೂಬನನ್ನು ಕರೆದುಕೊಂಡು ಹೋದೆ. ಬಾವಿಯ ಪಂಪು ಬಿಚ್ಚಿ ಜೋಡಿಸುವುದರಲ್ಲಿ ಅವನ ಸಮ ತಾಲೂಕಿನಲ್ಲಿಲ್ಲ. ಮಾರುವವನ ದೋಣಿಯ ಹಿಂಬದಿಗೆ ಎರಡು ಇಂಜಿನ್ ಕಚ್ಚಿಕೊಂಡಿದ್ದವು. ಒಂದೇ ಸಾಕೆಂದರೆ ಇನ್ನೊಂದನ್ನು ಬಿಚ್ಚಿಟ್ಟುಕೊಳ್ಳುತ್ತೇನೆ ಎಂದ. ಮೈಬೂಬ ಎರಡನ್ನೂ ತಿರುವಿ, ಕಿವಿಗೊಟ್ಟು ಕೇಳಿ, ಕೈ ಒರೆಸಿಕೊಂಡ.

"ಒಂದ ಸಾಕ್ರಿ ಮಾಸ್ತರ. ಎಡಗಡೀದು ಗಟ್ಟಿ ಐತಿ. ಎರಡು ಇದ್ರ ಎಣ್ಣಿನೂ ಎರಡು, ತಕರಾರೂ ಎರಡು."

"ನಡುನೀರಾಗ ನಿಂತ್ರ?"

"ಹುಟ್ಟು ಅದಾವಲ್ರಿ, ಹುಟ್ಟು ಹಾಕೂಣು."

"ನನಗೇನಿಲ್ಲಪಾ, ಆಕಿ ಅಂಜತಾಳ" ಎಂದೆ.

ಸುಮಿತ್ರೆ ಹುಟ್ಟಿದ್ದೇ ಹೊಳೆಯ ದಂಡೆಯಲ್ಲಿ, ಎಂಟನೆಯ ವರ್ಷಕ್ಕೇ ಈಜು ಕಲಿತವಳು. ನಾನೋ, ತಂಬಿಗೆಗಿಂತ ಹೆಚ್ಚಿನ ನೀರಿನ ಸಹವಾಸ ಮಾಡಿದವನಲ್ಲ. ಈ ವಿವರಗಳನ್ನು ಮೈಬೂಬನಿಗೆ ಹೇಳುವ ಅಗತ್ಯ ಆಗ ಕಾಣಲಿಲ್ಲ.

ಒಂದೋ ಎರಡೋ ಎನ್ನುವುದರಲ್ಲಿ ಒಂದೂವರೆ ತಿಂಗಳು ಕಳೆಯಿತು. ಹೊಲ ಇದ್ದವರು ಜೋಡಿ ಎತ್ತಿನ ಮಾತು ಹೇಳಿದರು, ಬೈಕು ಇದ್ದವರು ಒಂದೇ ಸಾಕೆಂದರು. ನಾನು ಕಾಗದ ತೆಗೆದುಕೊಂಡು, ಎರಡು ಇಂಜಿನ್ ಒಟ್ಟಿಗೇ ನಿಲ್ಲುವ ಸಂಭವ ಎಷ್ಟು ಕಡಿಮೆ ಎಂಬುದನ್ನು ಎರಡು ಪುಟದಲ್ಲಿ ಸಾಧಿಸಿ ಸುಮಿತ್ರೆಯ ಮುಂದೆ ಹಿಡಿದೆ. ಅವಳು ತೊಗರಿಬೇಳೆ ಹಸನು ಮಾಡುತ್ತಿದ್ದಳು. "ನೀವು ಇಷ್ಟು ಲೆಕ್ಕಾ ಮಾಡೂದ್ರಾಗ ನಾ ಈಜಿ ಹೋಗಿ ಬರ್ತಿದ್ದೆ" ಎಂದು ಮೊರ ಕೊಡವಿದಳು. ಒಂದು ದಿನ ನಾನು ಸಂತೆಗೆ ಹೋದಾಗ ಮೈಬೂಬ ಮನೆಗೆ ಬಂದು ಚಹಾ ಕುಡಿದು ಹೋದನಂತೆ. ಮರುದಿನ ಬೆಳಿಗ್ಗೆಯೇ, "ಎರಡೂ ಇರ್ಲಿ ಬಿಡ್ರಿ, ನಾ ಎಲ್ಲಾ ರಿಪೇರಿ ಮಾಡಿ ಕೊಡ್ತೇನಿ" ಎಂದ. ನನ್ನ ಗಣಿತ ಗೆದ್ದಿತೆಂದು ಹಿಗ್ಗಿದೆ.

ಹೊರಡುವ ದಿನ ದೋಣಿ ಹತ್ತುವ ಮೊದಲು ಇಂಜಿನ್ ಎರಡಿವೆಯೇ ಎಂದು ಎರಡು ಸಲ ಎಣಿಸಿದೆ. ಮೈಬೂಬ ನಡೆಸಿದ. ದಂಡೆ ದೂರವಾದಂತೆ ನನ್ನ ಮಾತು ಹೆಚ್ಚಾಯಿತು. "ಎರಡರ ಸಪ್ಪಳಾ ಎಷ್ಟು ಚಂದ ಕೂಡೇತಿ ನೋಡು, ಒಂದ ಅನಸ್ತದ" ಎಂದು ಸುಮಿತ್ರೆಗೆ ವಿವರಿಸಿದೆ. ಅವಳು ಶೇಂಗಾ ಸುಲಿಯುತ್ತ ಹೂಂ ಎಂದಳು. ಮೈಬೂಬನಿಗೆ ಅದೇ ಹೊತ್ತಿಗೆ ಕೆಮ್ಮು ಬಂತು.

ಆಚೆ ದಂಡೆಯಲ್ಲಿ ಶ್ರೀಪತಿ ಕಾಯುತ್ತಿದ್ದ. ಅಕ್ಕನನ್ನು ಕೈ ಹಿಡಿದು ಇಳಿಸಿದವನು ನೇರ ದೋಣಿಯ ಹಿಂದಕ್ಕೆ ಹೋದ. ನೊಗ ಇಳಿಸಿದ ಮೇಲೆ ಎತ್ತುಗಳ ಮೈಮೇಲೆ ಕೈಯಾಡಿಸದೆ ಮನೆಯೊಳಕ್ಕೆ ಹೋಗುವ ರೂಢಿ ಅವನಿಗಿಲ್ಲ. ಎರಡು ಇಂಜಿನ್ನಿನ ಬೆನ್ನ ಮೇಲೂ ಅಂಗೈ ಇಟ್ಟು ನೋಡಿದ.

"ಭಾವಾರ, ಎಡಗಡೀದು ದುಡದೈತಿ, ಬೆಚ್ಚಗದ. ಬಲಗಡೀದು ಇವತ್ತು ನೊಗಾನ ಹೊತ್ತಿಲ್ಲ."

ನಾನು ಮೈಬೂಬನನ್ನು ನೋಡಿದೆ. ಮೈಬೂಬ ಸುಮಿತ್ರೆಯನ್ನು ನೋಡಿದ. ಅವಳು ಬೇವಿನ ಮರ ನೋಡುತ್ತಿದ್ದಳು.

"ಅದರಾಗ ಏನೂ ಇಲ್ರಿ ಮಾಸ್ತರ. ಹಗುರ ಆಗ್ಲಿ ಅಂತ ಒಳಗಿಂದೆಲ್ಲಾ ಬಿಚ್ಚಿ ತಗದೇನಿ, ಬರೇ ಡಬ್ಬಿ. ಕಣ್ಣಿಗೆ ಎರಡು ಕಂಡ್ರ ಸಾಕು, ಹತ್ತತಾರ ಅಂತ ಅಕ್ಕಾರು ಹೇಳಿದ್ರು."

"ಮತ್ತೇನ ಮಾಡ್ಲಿ? ಖರೇ ಹೇಳಿದ್ರ ನೀವು ಕಾಲ ಇಡ್ತಿದ್ದಿಲ್ಲ" ಎಂದಳು ಸುಮಿತ್ರೆ.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಆಮೇಲೆ ಅವಳು ತಮ್ಮನ ಅಂಗಳದಲ್ಲಿ ಕಾಲು ಚಾಚಿ ಕುಳಿತು, ಯಾವುದೋ ಹಳೆಯ ಮಾತಿಗೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಎರಡು ವರ್ಷದಿಂದ ಆ ನಗೆ ಕೇಳಿರಲಿಲ್ಲ. ಎರಡನೆಯ ರೊಟ್ಟಿಗೆ ಸಿಟ್ಟು ಇಳಿಯಿತು, ಮೂರನೆಯದಕ್ಕೆ ಸಂತೋಷವೇ ಆಯಿತು.

ಸಂಜೆ ಹೊರಡುವಾಗ, ಬೇಕಾದರೆ ಬಸ್ಸಿಗೆ ಹೋಗೋಣವೇ ಎಂದು ಸುಮಿತ್ರೆ ಮೆಲ್ಲಗೆ ಕೇಳಿದಳು. ಅವಳ ಮೊಣಕಾಲು ನೋಡಿ ಬೇಡವೆಂದೆ. ಎಲ್ಲ ತಿಳಿದೂ ದೋಣಿ ಹತ್ತಿದೆ, ಬಲಗಡೆಯ ಇಂಜಿನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತೆ. ಈಚೆ ದಂಡೆ ಮುಟ್ಟಿದ ಮೇಲೆ ಮೈಬೂಬ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡು, "ಇನ್ನ ಈ ಡಬ್ಬಿ ಯಾಕ್ರಿ, ಬಿಚ್ಚಿ ಒಗದಬಿಡ್ಲೇನ್ರಿ?" ಎಂದ.

"ಬ್ಯಾಡಪಾ, ಇರ್ಲಿ. ಆಕಿ ಅಂಜತಾಳ" ಎಂದೆ.